ಹದಿನಾಲ್ಕು ಕಡೆ ಹೋದ ಸಾಲು

ತುಮಕೂರಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ಕೈಪಿಡಿ ಬರೆಯುವುದು ನನ್ನ ಕೆಲಸ. ಅದಕ್ಕೆ ಮೊದಲು ಪೇಟೆಯ ಒಂದು ಪ್ರೆಸ್ಸಿನಲ್ಲಿ ಹನ್ನೊಂದು ವರ್ಷ ಮದುವೆ ಪತ್ರಿಕೆ, ಪ್ರಶ್ನೆಪತ್ರಿಕೆ, ಮಠದ ಕಾರ್ಯಕ್ರಮದ ಕರಪತ್ರ ಎಲ್ಲಕ್ಕೂ ಅಕ್ಷರ ಜೋಡಿಸಿದವಳು ನಾನು. ಅಲ್ಲಿ ಒಂದು ತಪ್ಪು ಹತ್ತು ಪುಟದಲ್ಲಿದ್ದರೆ ಹತ್ತು ಪುಟಕ್ಕೂ ಹೋಗಿ ಕೈಯಾರೆ ತಿದ್ದಬೇಕಿತ್ತು. ಒಂಬತ್ತು ತಿದ್ದಿ ಒಂದನ್ನು ಮರೆತು, ಸಾವಿರ ಪತ್ರಿಕೆ ಅಚ್ಚಾದ ಮೇಲೆ ಬೈಸಿಕೊಂಡದ್ದೂ ಉಂಟು.

ಕಾರ್ಖಾನೆಗೆ ಬಂದ ಮೇಲೆ ಆ ಕಷ್ಟ ಇರಲಿಲ್ಲ. ಇಲ್ಲಿ ಯಾರೂ ಪುಸ್ತಕ ಬರೆಯುವುದಿಲ್ಲ, ತುಣುಕು ಬರೆಯುತ್ತೇವೆ. ಮೋಟಾರಿಗೆ ಗ್ರೀಸ್ ಹಾಕುವುದು ಒಂದು ತುಣುಕು, ಬ್ಲೇಡಿಗೆ ಸಾಣೆ ಹಿಡಿಯುವುದು ಇನ್ನೊಂದು. ಪ್ರತಿ ತುಣುಕೂ ಕಂಪ್ಯೂಟರಿನಲ್ಲಿ ಒಂದೇ ಕಡೆ ಇರುತ್ತದೆ. ಯಾವ ಯಂತ್ರದ ಕೈಪಿಡಿಗೆ ಯಾವುದು ಬೇಕೋ ಅದನ್ನು ಹೂ ಪೋಣಿಸಿದಂತೆ ಪೋಣಿಸಿದರೆ ಆಯಿತು. ಅದೇ ತುಣುಕು ವೆಬ್‌ಸೈಟಿಗೂ ಹೋಗುತ್ತದೆ, ಯಂತ್ರದ ಮೈಮೇಲೆ ಅಂಟಿಸುವ ಸ್ಟಿಕ್ಕರಿಗೂ ಹೋಗುತ್ತದೆ. ಒಂದು ಕಡೆ ತಿದ್ದಿದರೆ ಎಲ್ಲ ಕಡೆಯೂ ತಿದ್ದಿದಂತೆ. ಈ ವ್ಯವಸ್ಥೆ ಬಂದ ದಿನ ನನಗಾದಷ್ಟು ಸಂತೋಷ ಆ ಕಚೇರಿಯಲ್ಲಿ ಬೇರೆ ಯಾರಿಗೂ ಆಗಿರಲಾರದು.

ಆ ವ್ಯವಸ್ಥೆ ಬಂದದ್ದರಿಂದ ಒಂದು ಅಭ್ಯಾಸ ಮಾತ್ರ ನಿಂತುಹೋಯಿತು. ಮೊದಲೆಲ್ಲ ಕೈಪಿಡಿ ಅಚ್ಚಿಗೆ ಹೋಗುವ ಮುಂಚೆ ನಮ್ಮ ಸರ್ವೀಸ್ ಮೆಕ್ಯಾನಿಕ್ ನನ್ನನ್ನು ಯಂತ್ರದ ಪಕ್ಕ ನಿಲ್ಲಿಸಿಕೊಳ್ಳುತ್ತಿದ್ದರು. ಕುಣಿಗಲ್ ಕಡೆಯವರು, ನಿವೃತ್ತಿಗೆ ಹತ್ತಿರವಾಗಿದ್ದರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. "ಓದವ್ವ," ಎನ್ನುವರು. ನಾನು ಒಂದೊಂದೇ ಸಾಲು ಓದಬೇಕು, ಅವರು ಅದರಂತೆಯೇ ಮಾಡಿ ನೋಡಬೇಕು. ಏನಾದರೂ ತಡವರಿಸಿದರೆ ಆ ಸಾಲು ಮತ್ತೆ ಬರೆಯಬೇಕು. ಹೊಸ ವ್ಯವಸ್ಥೆಯಲ್ಲಿ ಬದಲಾದ ತುಣುಕನ್ನು ಮಾತ್ರ ಪರೀಕ್ಷಿಸಿದರೆ ಸಾಕು ಎಂದು ಮೇಲಿನವರು ಹೇಳಿದರು. ಅಷ್ಟು ಹೊತ್ತಿಗೆ ಅಣ್ಣ ಹೆಚ್ಚಾಗಿ ಸರ್ವೀಸಿಗೆಂದು ಹಳ್ಳಿ ಸುತ್ತುತ್ತಿದ್ದುದರಿಂದ ಅದೂ ತಪ್ಪಿಹೋಯಿತು.

ದನಗಳ ಮೇವಿಗೆ ಹುಲ್ಲು ಕತ್ತರಿಸುವ ನಮ್ಮ ಯಂತ್ರಕ್ಕೆ ಬಲಗಡೆ ಒಂದು ಲಿವರ್ ಇದೆ. ಅದು ನಡುವೆ ಇದ್ದರೆ ಹುಲ್ಲು ನಿಧಾನವಾಗಿ ಬ್ಲೇಡಿನ ಕಡೆಗೆ ಹೋಗುತ್ತದೆ. ಹಳೆಯ ಮಾಡೆಲ್‌ನಲ್ಲಿ ಅದನ್ನು ನಮ್ಮ ಕಡೆಗೆ ಎಳೆದರೆ ಸಿಕ್ಕಿಕೊಂಡ ಹುಲ್ಲು ಹೊರಕ್ಕೆ ಬರುತ್ತದೆ. ಮುಂದಕ್ಕೆ ತಳ್ಳಿದರೆ ಒಣಹುಲ್ಲಿಗೆಂದು ಇಟ್ಟಿರುವ ಜೋರಿನ ಓಟ, ಎಲ್ಲವನ್ನೂ ಸರ್ರನೆ ಒಳಗೆಳೆದುಕೊಳ್ಳುತ್ತದೆ. ಹೊಸ ಮಾಡೆಲ್ ಮಾಡಿದಾಗ ಇದನ್ನು ತಿರುಗಿಸಿದರು. ಗಾಬರಿಯಾದ ಮನುಷ್ಯ ಎಳೆಯುವುದಿಲ್ಲ, ತಳ್ಳುತ್ತಾನೆ. ಆದ್ದರಿಂದ ತಳ್ಳಿದರೆ ಹೊರಕ್ಕೆ ಬರಬೇಕು ಎಂಬುದು ಡಿಸೈನ್ ವಿಭಾಗದ ಲೆಕ್ಕಾಚಾರ. ಒಳ್ಳೆಯ ಯೋಚನೆಯೇ. ಅಲ್ಲಿನ ಇಂಜಿನಿಯರ್ ಒಂದು ಬೆಳಿಗ್ಗೆ ಬಂದು, ಲಿವರಿನ ತುಣುಕಿನಲ್ಲಿ "ಎಳೆಯಿರಿ" ಇರುವುದನ್ನು "ತಳ್ಳಿರಿ" ಮಾಡಿ ಎಂದರು.

"ಇದು ಹೊಸ ಮಾಡೆಲ್‌ಗೆ ಮಾತ್ರಾನಾ, ಎಲ್ಲದಕ್ಕೂನಾ?" ಎಂದು ಕೇಳಿದೆ.

ಅವರು ಆಗಲೇ ಬಾಗಿಲ ಹತ್ತಿರ ಇದ್ದರು. "ಇನ್ಮೇಲೆ ಎಲ್ಲಾ ಹೊಸದೇ ಮೇಡಂ. ಹಳೇದು ಯಾರ್ ತಗೋತಾರೆ?"

ಅದನ್ನೇ ಉತ್ತರ ಎಂದುಕೊಂಡೆ. ಹೊಸ ಮಾಡೆಲ್‌ಗೆಂದು ಬೇರೆ ತುಣುಕು ಮಾಡದೆ ಇದ್ದುದನ್ನೇ ತಿದ್ದಿದೆ. ಪರದೆಯ ಮೇಲೆ ಒಂದು ಸಣ್ಣ ಚೌಕ ಬಂತು: ಈ ತುಣುಕು ಹದಿನಾಲ್ಕು ಕಡೆ ಬಳಕೆಯಲ್ಲಿದೆ, ಮುಂದುವರಿಯಬೇಕೆ? ಆ ಹದಿನಾಲ್ಕು ಯಾವುವು ಎಂದು ನೋಡಲು ಕೆಳಗೆ ಇನ್ನೊಂದು ಗುಂಡಿ ಇತ್ತು. ನಾನು ಅದನ್ನು ಒತ್ತಲಿಲ್ಲ. ಹೌದು ಎಂಬುದನ್ನು ಒತ್ತಿದೆ. ನಿಜ ಹೇಳಬೇಕೆಂದರೆ ಹೆಮ್ಮೆಯೇ ಆಯಿತು. ಹದಿನಾಲ್ಕು ಕಡೆ! ಪ್ರೆಸ್ಸಿನಲ್ಲಾಗಿದ್ದರೆ ಎರಡು ದಿನದ ಕೆಲಸ.

ಮಳೆಗಾಲ ಕಳೆಯಿತು. ಏನೂ ಆಗಲಿಲ್ಲ. ಅಥವಾ ಆಗಿದ್ದು ನಮ್ಮವರೆಗೆ ಬರಲಿಲ್ಲ.

ಗ್ರಾಹಕರ ಫೋನು ನನ್ನ ಪಕ್ಕದ ಮೇಜಿನ ಮೇಲಿರುತ್ತದೆ. ಅದನ್ನು ನೋಡಿಕೊಳ್ಳುವವರು ರಜೆಯಲ್ಲಿದ್ದ ಒಂದು ದಿನ ನಾನೇ ತೆಗೆದುಕೊಂಡೆ. ಆ ಕಡೆ ಒಬ್ಬ ಹೆಂಗಸು. ಅಮೃತೂರಿನ ಆಚೆ ಒಂದು ಹಳ್ಳಿ ಎಂದರು. ಜಗಳಕ್ಕೆ ಮಾಡಿದ ಫೋನಲ್ಲ ಅದು. ಗೊತ್ತಿಲ್ಲದ್ದನ್ನು ಮೇಷ್ಟರ ಹತ್ತಿರ ಕೇಳುವವರ ದನಿಯಿತ್ತು.

"ಮೇಡಮ್ಮ, ಒಂದ್ ಮಾತು ಕೇಳ್ಬೇಕಿತ್ತು. ಹುಲ್ಲು ಕಟ್ ಮಾಡೋ ಮಿಷನ್ ಮ್ಯಾಲೆ ಚೀಟಿ ಅಂಟ್ಸವ್ರಲ್ಲ, ಅದ್ರಲ್ಲಿ ಸಿಕ್ಕಂಡ್ರೆ ತಳ್ಳು ಅಂತ ಐತೆ. ನಾನು ತಳ್ದೆ. ಜೋಳದ ಕಡ್ಡಿ ಈಚೆ ಬರ್ಲಿಲ್ಲ ಕಣಮ್ಮ, ಒಳೀಕೇ ಹೋಯ್ತು. ಕಡ್ಡಿ ಹಿಡ್ಕಂಡಿದ್ ಕೈನೂ ಎಳ್ಕಂಡ್ತು. ಬಳೆ ಒಡ್ದೋಯ್ತು, ಅಷ್ಟ್ರಲ್ಲಿ ಕೈ ಕಿತ್ಕಂಡೆ."

ನಾನು ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡೆ.

"ನಾನು ಓದಿರೋದು ನಾಕ್ನೇ ಕ್ಲಾಸು," ಎಂದರು ಆಕೆ. "ನಂಗೇ ಓದಕ್ಕೆ ತಪ್ತೇನೋ ಅಂತ ಕೇಳ್ದೆ, ಬೇಜಾರ್ ಮಾಡ್ಕಬ್ಯಾಡ್ರಿ."

"ನಿಮ್ಮ ಮಿಷನ್ ಯಾವ ಬಣ್ಣ?"

"ಹಸ್ರು."

ಹಸಿರು ಎಂದರೆ ಹಳೆಯ ಮಾಡೆಲ್. ಹೊಸದಕ್ಕೆ ನೀಲಿ ಬಣ್ಣ. ನಾಳೆ ನಾಡಿದ್ದರಲ್ಲಿ ಬರುತ್ತೇವೆ, ಅಲ್ಲಿಯವರೆಗೆ ಯಂತ್ರದ ಸ್ವಿಚ್ಚನ್ನೇ ಹಾಕಬೇಡಿ ಎಂದು ಹೇಳಿ ಫೋನಿಟ್ಟೆ. ತಪ್ಪು ಯಾರದು ಎಂದು ಹೇಳಲಿಲ್ಲ.

ಆಮೇಲೆ, ಅಂದು ಒತ್ತದೆ ಬಿಟ್ಟಿದ್ದ ಗುಂಡಿಯನ್ನು ಒತ್ತಿದೆ. ಹದಿನಾಲ್ಕು ಹೆಸರಿನ ಪಟ್ಟಿ ತೆರೆಯಿತು. ನೀಲಿ ಮಾಡೆಲ್‌ನ ಕೈಪಿಡಿ, ಅದರ ವೆಬ್ ಪುಟ, ಅದರ ಸ್ಟಿಕ್ಕರ್, ಸರಿ. ಅದರ ಕೆಳಗೆ ಹಸಿರು ಮಾಡೆಲ್‌ನ ಕೈಪಿಡಿ, ಕನ್ನಡದ್ದು ಇಂಗ್ಲಿಷಿನದು ಎರಡೂ. ಹಸಿರಿನ ವೆಬ್ ಪುಟ. ಡೀಲರುಗಳಿಗೆ ಕೊಡುವ ಹಾಳೆ. ಕೊನೆಯ ಸಾಲನ್ನು ಎರಡು ಸಲ ಓದಿದೆ: ಹಸಿರು ಮಾಡೆಲ್ ಸ್ಟಿಕ್ಕರ್, ಸರ್ವೀಸ್ ಕಿಟ್.

ಸರ್ವೀಸಿಗೆ ಹೋದ ಮೆಕ್ಯಾನಿಕ್‌ಗಳು ಬಿಸಿಲಿಗೆ ಮಾಸಿದ ಹಳೆಯ ಸ್ಟಿಕ್ಕರ್ ಕಿತ್ತು ತಮ್ಮ ಕಿಟ್ಟಿನಲ್ಲಿರುವ ಹೊಸದನ್ನು ಅಂಟಿಸಿ ಬರುವುದು ರೂಢಿ. ಅಂದರೆ ವರ್ಷಗಟ್ಟಲೆ ಸರಿಯಾಗಿ ನಡೆಯುತ್ತಿದ್ದ ಯಂತ್ರಗಳ ಮೈಮೇಲೂ ನನ್ನ ಸಾಲು ಹೋಗಿ ಕೂತಿತ್ತು. ಇನ್ನೂ ಒಂದು ವಿಷಯ ಆಗ ಹೊಳೆಯಿತು. ಕೈಪಿಡಿಯಲ್ಲಿ ಲಿವರಿನ ತುಣುಕಿಗೆ ಮುಂಚೆ "ಮೊದಲು ಸ್ವಿಚ್ ಆಫ್ ಮಾಡಿ, ಕೈ ಹೊರಗೆ ತೆಗೆಯಿರಿ" ಎಂಬ ತುಣುಕು ಇದೆ. ಸ್ಟಿಕ್ಕರಿನಲ್ಲಿ ಎರಡಕ್ಕೂ ಜಾಗ ಸಾಲದು ಎಂದು ಅದನ್ನು ಬಿಟ್ಟಿದ್ದೆವು.

ಕಂಪ್ಯೂಟರಿನಲ್ಲಿ ತಿದ್ದುವುದಕ್ಕೆ ಹತ್ತು ನಿಮಿಷ ಹಿಡಿಯಿತು. ಎರಡು ತುಣುಕು ಮಾಡಿದೆ, ಹಸಿರಿಗೆ ಒಂದು, ನೀಲಿಗೆ ಒಂದು. ವೆಬ್‌ಸೈಟ್ ತನ್ನಷ್ಟಕ್ಕೆ ತಾನೇ ಸರಿಹೋಯಿತು. ಕಾಗದ ಹಾಗೆ ಸರಿಹೋಗುವುದಿಲ್ಲ. ಮ್ಯಾನೇಜರ್ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ.

"ಯಾರಿಗಾದ್ರೂ ಏನಾದ್ರೂ ಆಗಿದ್ಯಾ?" ಎಂದು ಕೇಳಿದರು.

"ಒಬ್ಬರ ಬಳೆ ಒಡೆದಿದೆ ಸಾರ್."

"ಬಳೆ ತಾನೆ?"

ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಆಮೇಲೆ, "ಸರ್ವೀಸ್ ವ್ಯಾನ್ ತಗೊಂಡು ಹೋಗಿ. ಸ್ಟಿಕ್ಕರ್ ಬದಲಾಯಿಸ್ಬಿಟ್ಟು ಬನ್ನಿ. ರೆಗ್ಯುಲರ್ ಸರ್ವೀಸ್ ಅಂತ ಹೇಳಿ, ಸಾಕು. ತಪ್ಪಾಗಿದೆ ಅನ್ನೋ ಮಾತು ಎಲ್ಲೂ ಬರ್ಬಾರ್ದು. ಅರ್ಥ ಆಯ್ತಲ್ಲ?" ಎಂದರು.

ಅರ್ಥವಾಯಿತು ಎಂದೆ. ಹೊರಗೆ ಬಂದು ಅಣ್ಣನಿಗೆ ವಿಷಯ ಹೇಳಿದಾಗ ಅವರು ನನ್ನನ್ನು ಬೈಯಲಿಲ್ಲ. ತಮ್ಮ ಅಂಗೈಗಳನ್ನು ನೋಡಿಕೊಂಡರು. "ಅಮೃತೂರ್ ಮಿಷನ್‌ಗೆ ಅಂಟ್ಸಿದ್ದು ನಾನೇ ಕಣವ್ವ. ಓದ್ಲಿಲ್ಲ. ನೀನ್ ಬರ್ದಿದ್ದೀಯಲ್ಲ ಅಂತ ಅಂಟ್ಸಿದೆ." ಯಾವ ಊರಿನಲ್ಲಿ ಯಾರ ಮನೆಗೆ ಹೋಗಿದ್ದೆ ಎಂದು ಬರೆದಿಟ್ಟುಕೊಳ್ಳುವ ಒಂದು ನೋಟ್‌ಬುಕ್ ಅವರ ಹತ್ತಿರ ಇತ್ತು. ಅದನ್ನು ಹಿಡಿದುಕೊಂಡು ಮಾರನೆಯ ಬೆಳಿಗ್ಗೆ ಗುಬ್ಬಿಗೆ ಹೊರಟೆವು.

ಗುಬ್ಬಿಯ ಡೀಲರ್ ನಮ್ಮನ್ನು ಕೂರಿಸಿ ಕಾಫಿ ತರಿಸಿದರು. ನಾನು ಕೈಪಿಡಿ ಬರೆಯುವವಳು ಎಂದು ಗೊತ್ತಾದ ಕೂಡಲೆ ಮುಖ ಅರಳಿತು. "ಆ ಲಿವರ್ ಹಾಳೆ ಬರ್ದೋರು ನೀವೇನಾ ಮೇಡಂ? ಏನ್ ಚೆಂದ ಕನ್ನಡ! ಬೇರೆ ಕಂಪ್ನಿ ಮಿಷನ್‌ಗಳ ಬುಕ್ಕು ಬರೀ ಹಿಂದಿ, ಇಂಗ್ಲಿಷು, ನಮ್ ಜನಕ್ಕೆ ಏನ್ ಅರ್ಥ ಆಗ್ಬೇಕು? ಅದಕ್ಕೆ ನಿಮ್ದೇ ಜೆರಾಕ್ಸ್ ಮಾಡ್ಸಿ ಎಲ್ಲಾರ್‌ಗೂ ಕೊಡ್ತಿದೀನಿ."

"ಎಲ್ಲಾರ್‌ಗೂ ಅಂದ್ರೆ?"

"ಯಾವ ಮಿಷನ್ ತಗಂಡ್ರೂ. ವಾಟ್ಸಾಪಲ್ಲೂ ಹಾಕಿದೀನಿ."

ಕಾಫಿ ಲೋಟ ಕೆಳಗಿಟ್ಟೆ. ಅಂಗಡಿಯ ಒಳಗೆ ಮೂರು ಬೇರೆ ಬೇರೆ ಕಂಪನಿಯ ಯಂತ್ರಗಳು ಸಾಲಾಗಿ ನಿಂತಿದ್ದವು. ಅಣ್ಣ ಎದ್ದು ಹೋಗಿ ಒಂದೊಂದರ ಲಿವರನ್ನೂ ಕೈಯಿಂದ ಹಾಕಿ ನೋಡಿದರು. ಒಂದು ಎಳೆದರೆ ಹೊರಕ್ಕೆ, ಇನ್ನೊಂದು ತಳ್ಳಿದರೆ ಹೊರಕ್ಕೆ, ಮೂರನೆಯದಕ್ಕೆ ಮೇಲೆತ್ತಬೇಕಿತ್ತು. ನಮ್ಮ ಪಟ್ಟಿಯಲ್ಲಿ ಇದ್ದುದು ಹದಿನಾಲ್ಕು. ಇಲ್ಲಿಂದ ಎಲ್ಲೆಲ್ಲಿಗೆ ಹೋಗಿದೆ ಎಂಬುದಕ್ಕೆ ಪಟ್ಟಿಯೇ ಇರಲಿಲ್ಲ.

ಉಳಿದಿದ್ದ ಜೆರಾಕ್ಸ್ ಪ್ರತಿಗಳನ್ನು ಅಣ್ಣ ಇಸಿದುಕೊಂಡರು. "ಹೊಸಾದು ಬತ್ತದೆ, ಇದ್ನ ಯಾರ್ಗೂ ಕೊಡ್ಬ್ಯಾಡಿ," ಎಂದರು. ಯಾಕೆ ಎಂದು ಡೀಲರ್ ಕೇಳಿದಾಗ ಇಬ್ಬರೂ ವ್ಯಾನಿನ ಕಡೆ ನಡೆದೆವು. ಮ್ಯಾನೇಜರ್ ಹೇಳಿಕೊಟ್ಟ ಮಾತು ನಾಲಗೆಯ ಮೇಲೆ ಕೂತಿತ್ತು. ಅಂದು ಸಂಜೆಯವರೆಗೆ ಗುಬ್ಬಿ ಸುತ್ತಿನ ಹಳ್ಳಿಗಳಲ್ಲಿ ಸ್ಟಿಕ್ಕರ್ ಕೀಳುತ್ತಾ ಅಂಟಿಸುತ್ತಾ ಹೋದೆವು. ಹಳೆಯದು ಸಲೀಸಾಗಿ ಬರುತ್ತಿರಲಿಲ್ಲ. ಸೀಮೆಎಣ್ಣೆ ಸವರಿ ಉಗುರಿನಿಂದ ಕೆರೆಯಬೇಕಿತ್ತು. "ತಳ್ಳಿರಿ" ಎಂಬ ಪದದ ಒತ್ತಕ್ಷರ ಎಷ್ಟು ಕೆರೆದರೂ ಕೆಲವು ಕಡೆ ಹಾಗೇ ಉಳಿಯುತ್ತಿತ್ತು. ನಾನು ಕೆರೆಯುತ್ತಿದ್ದರೆ ಮನೆಯವರು ಪಕ್ಕದಲ್ಲಿ ನಿಂತು ಮಾತಾಡಿಸುತ್ತಿದ್ದರು. ಅವರು ಯಂತ್ರದ ಕಡೆಗೆ ಕೈ ತೋರಿಸಿದಾಗಲೆಲ್ಲ ನಾನು ಅವರ ಬೆರಳು ಎಣಿಸುತ್ತಿದ್ದೆ. ಅದು ನನಗೇ ಗೊತ್ತಾದದ್ದು ನಾಲ್ಕನೆಯ ಮನೆಯಲ್ಲಿ.

ಎರಡನೆಯ ದಿನ ಕುಣಿಗಲ್ ಕಡೆ. ಮೊದಲು ಅಮೃತೂರಿನ ಆಚೆಯ ಆ ಹೆಂಗಸಿನ ಮನೆಗೆ ಹೋದೆವು. ತೆಂಗಿನ ತೋಟದ ಅಂಚಿನ ಕೊಟ್ಟಿಗೆ. ಆಕೆ ನಮಗೆ ಮಜ್ಜಿಗೆ ಕೊಟ್ಟು, ಎಡಗೈ ಮಣಿಕಟ್ಟಿನ ಮೇಲೆ ಗಾಜು ಗೀರಿದ ಗುರುತು ತೋರಿಸಿದರು.

"ಏನಿಲ್ಲಕ್ಕ, ಸ್ಟಿಕ್ಕರ್ ಹಳೇದಾಗಿತ್ತು," ಎಂದೆ ನಾನು.

"ಹಳೇದಾ?" ಆಕೆ ಅಣ್ಣನ ಕಡೆ ತಿರುಗಿದರು. "ಮೊನ್ನೆ ತಾನೆ ನೀವೇ ಬಂದು ಹೊಸಾದು ಅಂಟ್ಸಿದ್ರಲ್ಲಣ್ಣ?"

ಅಣ್ಣ ಸ್ಕ್ರೂಡ್ರೈವರ್ ಹುಡುಕುವವರಂತೆ ಚೀಲದೊಳಗೆ ತಲೆ ಹಾಕಿದರು. ಆಕೆ ನಾವು ವ್ಯಾನ್ ಹತ್ತುವವರೆಗೂ ನನ್ನನ್ನೇ ನೋಡುತ್ತಿದ್ದರು. ಆ ನೋಟದ ಮುಂದೆ ನಾನು ಒಂದು ಸುಳ್ಳನ್ನು ಬಿಟ್ಟು ಹೋಗುತ್ತಿದ್ದೆ. ದಾರಿಯಲ್ಲಿ ಅಣ್ಣ ಒಂದೇ ಮಾತು ಆಡಿದ್ದು. "ಇಂಗ್ ಹೇಳ್ಕಂಡ್ ಎಷ್ಟ್ ಮನೆ ಸುತ್ತಾದವ್ವ?"

ನೋಟ್‌ಬುಕ್ಕಿನಲ್ಲಿ ಹುತ್ರಿದುರ್ಗದ ಬೆಟ್ಟದ ಬುಡದ ಒಂದು ಮನೆ ಉಳಿದಿತ್ತು. ನಾವು ತಲುಪಿದಾಗ ಮಧ್ಯಾಹ್ನದ ಬಿಸಿಲು ಬಂಡೆಗೆ ಹೊಡೆದು ಕಣ್ಣು ಬಿಡಲಾಗುತ್ತಿರಲಿಲ್ಲ. ಹಸಿರು ಯಂತ್ರ ಅಂಗಳದ ಮೂಲೆಯಲ್ಲಿತ್ತು. ಅದರ ಮೇಲೆ ಟಾರ್ಪಾಲು ಹೊದೆಸಿ, ಗಾಳಿಗೆ ಹಾರದಂತೆ ಸುತ್ತಲೂ ಹಗ್ಗ ಬಿಗಿದಿದ್ದರು. ಪಕ್ಕದಲ್ಲಿ ಯಾರೋ ಕುಡುಗೋಲಿನಿಂದ ಕೊಯ್ದ ಸೀಮೆಹುಲ್ಲಿನ ರಾಶಿ. ಹಸುಗಳಿಗೆ ಹುಲ್ಲು ಇಡಿಯಾಗಿಯೇ ಹಾಕಿದ್ದರು.

ಜಗಲಿಯ ಮೇಲೆ ಮನೆಯ ಯಜಮಾನರು ಕೂತಿದ್ದರು. ಐವತ್ತು ದಾಟಿದವರು. ಎಡಗೈ ಮೇಲೆ ಟವೆಲ್ ಹಾಕಿಕೊಂಡಿದ್ದರು. ನಾವು ಕಾರ್ಖಾನೆಯವರು ಎಂದಾಗ ಏಳಲಿಲ್ಲ.

"ಮಿಷನ್ ಮಾರ್ಬೇಕು ಅಂತವ್ರೆ," ಎಂದು ಒಳಗಿನಿಂದ ಬಂದ ಅವರ ಹೆಂಡತಿ ಹೇಳಿದರು. "ನೀವೇ ವಾಪಸ್ ತಗಂಡೋಗಂಗಿದ್ರೆ ಹೋಗಿ."

"ಕೈಗೆ ಏನಾಯ್ತು?" ಎಂದು ಅಣ್ಣ ಕೇಳಿದರು. ಅವರ ದನಿ ಕೇಳಿದರೆ ಉತ್ತರ ಆಗಲೇ ಗೊತ್ತಿದ್ದಂತಿತ್ತು.

"ಏನಿಲ್ಲ ಬುಡಿ. ನಂದೇ ಅಜಾಗ್ರತೆ," ಎಂದರು ಯಜಮಾನರು.

"ಅಜಾಗ್ರತೆ ಯಾಕಾಯ್ತದೆ?" ಹೆಂಡತಿ ದನಿ ಏರಿಸಿದರು. "ಇವ್ರಿಗೆ ಓದಕ್ಕೆ ಬರಲ್ಲ. ಕಡ್ಡಿ ಸಿಕ್ಕಂಡಿತ್ತು. ಸೊಸೇನ ಕೂಗಿ, ಚೀಟೀಲಿ ಏನೈತೆ ನೋಡವ್ವ ಅಂದ್ರು. ಪಿಯುಸಿ ಓದವ್ಳೆ. ತಳ್ಳಿ ಮಾವ ಅಂದ್ಳು. ತಳ್ಳಿದ್ರು. ಎರಡು ಬೆರ್ಳು ಹೋಯ್ತು. ಓದಿರೋ ಸೊಸೆ ತಂದಿದ್ಕೆ ಇದೇ ಭಾಗ್ಯ."

ಆಗ ಬಾಗಿಲ ಹಿಂದೆ ಒಬ್ಬಳು ನಿಂತಿದ್ದುದು ಕಾಣಿಸಿತು. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ. ಅತ್ತೆಯ ಮಾತು ಅವಳಿಗೆ ಹೊಸದಲ್ಲ ಎಂಬುದು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ಕಣ್ಣು ಕೆಳಗೆ ಹಾಕಿಕೊಂಡು, ಬಾಗಿಲ ಚೌಕಟ್ಟಿನ ಬಣ್ಣವನ್ನು ಉಗುರಿನಿಂದ ಕೀಳುತ್ತಿದ್ದಳು.

ರೆಗ್ಯುಲರ್ ಸರ್ವೀಸ್ ಎಂದು ಹೇಳಬೇಕಾದ ಜಾಗ ಅದು. ಹೇಳಲು ಬಾಯಿ ತೆರೆದೆ. ಅಣ್ಣ ಟಾರ್ಪಾಲಿನ ಹಗ್ಗ ಬಿಚ್ಚುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ಟಾರ್ಪಾಲಿನ ಸಂದಿನಲ್ಲಿ ನನ್ನ ಸಾಲು ಕಾಣುತ್ತಿತ್ತು.

"ನೀನು ಸರಿಯಾಗೇ ಓದಿದ್ದೀಯಮ್ಮ," ಎಂದೆ ಅವಳಿಗೆ. "ಚೀಟಿಯಲ್ಲಿ ತಳ್ಳಿ ಅಂತಾನೇ ಇದೆ. ಎಳೆಯಿರಿ ಅಂತ ಇರಬೇಕಿತ್ತು. ತಪ್ಪಾಗಿ ಬರೆದಿದ್ದು ನಾನು."

ಕೊಟ್ಟಿಗೆಯಲ್ಲಿ ಹಸು ಹುಲ್ಲು ಎಳೆದು ಅಗಿಯುವ ಸದ್ದು ಕೇಳುತ್ತಿತ್ತು. ಹುಡುಗಿ ತಲೆ ಎತ್ತಿ ನನ್ನನ್ನು ನೋಡಿದಳು. ಅದರಲ್ಲಿ ಸಮಾಧಾನ ಇದ್ದೀತು ಎಂದುಕೊಂಡಿದ್ದೆ. ಇರಲಿಲ್ಲ. ನಾನು ಹೇಳಿದ್ದನ್ನು ನಂಬಬೇಕೋ ಬೇಡವೋ ಎಂದು ಅಳೆಯುತ್ತಿದ್ದಳು.

ಯಜಮಾನರು ಹೆಂಡತಿಯ ಕಡೆ ತಿರುಗಿದರು. "ಕೇಳಿಸ್ತಾ? ಮಗೀಂದು ತಪ್ಪಿಲ್ಲ." ಆಮೇಲೆ ನನಗೆ, "ನೀವ್ ಮನೇಲಿ ಎಮ್ಮೆ ಹಸ ಕಟ್ಟಿದೀರಾ?" ಎಂದು ಕೇಳಿದರು.

ಇಲ್ಲ ಎಂದೆ.

"ಈ ಮಿಷನ್ನ ಯಾವತ್ತಾದ್ರೂ ಓಡ್ಸಿದೀರಾ?"

ಅದಕ್ಕೂ ಇಲ್ಲ ಎಂದೆ. ಅವರು ಬೈದಿದ್ದರೆ ಚೆನ್ನಾಗಿತ್ತು. "ಹೋಗ್ಲಿ ಬುಡಿ," ಎಂದು ಟವೆಲನ್ನು ಸರಿಮಾಡಿಕೊಂಡರು. ಅಣ್ಣ ಸ್ಟಿಕ್ಕರ್ ಕಿತ್ತು, ಅದನ್ನು ನನ್ನ ಕೈಗೆ ಕೊಡದೆ ತಮ್ಮ ಜೇಬಿಗೆ ಹಾಕಿಕೊಂಡರು.

ಕಚೇರಿಗೆ ಹಿಂತಿರುಗಿ ನಡೆದದ್ದನ್ನು ಬರವಣಿಗೆಯಲ್ಲಿ ಕೊಟ್ಟೆ. ಮ್ಯಾನೇಜರ್ ಅದನ್ನು ಎರಡು ಸಲ ಓದಿ, ಹರಿದುಹಾಕುತ್ತಾರೇನೋ ಎಂಬಷ್ಟು ಹೊತ್ತು ಕೈಯಲ್ಲಿ ಹಿಡಿದಿದ್ದರು. ಹರಿಯಲಿಲ್ಲ. ಬಾಗಿಲ ಬಳಿ ನಿಂತಿದ್ದ ಅಣ್ಣ, "ಇದ್ಕೆ ನಾನೂ ಸೈನ್ ಹಾಕಿದೀನಿ ಸಾರ್," ಎಂದದ್ದು ಅದಕ್ಕೆ ಕಾರಣವಿರಬಹುದು. ಕಂಪನಿ ಆಸ್ಪತ್ರೆಯ ಖರ್ಚು ಕೊಟ್ಟು ಯಂತ್ರವನ್ನು ವಾಪಸ್ ಪಡೆಯಿತು. ತಪ್ಪು ಒಪ್ಪಿಕೊಂಡ ಒಂದೇ ಒಂದು ಕಾಗದವನ್ನೂ ಆ ಮನೆಗೆ ಕಳಿಸಲಿಲ್ಲ. ನನ್ನ ಕೆಲಸ ಹೋಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ. ಇಂಜಿನಿಯರಿಗೂ ಏನೂ ಆಗಲಿಲ್ಲ. ಇನ್ನು ಮುಂದೆ ಅಪಾಯಕ್ಕೆ ಸಂಬಂಧಿಸಿದ ತುಣುಕನ್ನು ಎರಡು ಯಂತ್ರಗಳಿಗೆ ಹಂಚುವಂತಿಲ್ಲ ಎಂಬ ನಿಯಮ ಬಂತು. ಯಂತ್ರದ ಪಕ್ಕ ನಿಂತು ಓದಿ ನೋಡುವ ಹಳೆಯ ಅಭ್ಯಾಸವೂ ಮತ್ತೆ ಶುರುವಾಯಿತು.

ಹಳ್ಳಿಯಲ್ಲಿ ಹಸು ಇರುವವರೆಲ್ಲ ಬೆಳಿಗ್ಗೆ ಸಂಜೆ ಹಾಲು ಹಾಕಲು ಡೈರಿಗೆ ಬಂದೇ ಬರುತ್ತಾರೆ. ಕಂಪನಿಯ ಹೆಸರು ಹಾಕದೆ ಒಂದು ಹಾಳೆ ಬರೆದೆ: ಯಾವ ಯಂತ್ರವೇ ಆಗಲಿ, ಸಿಕ್ಕಿಕೊಂಡರೆ ಮೊದಲು ಸ್ವಿಚ್ ಆಫ್ ಮಾಡಿ, ಜೆರಾಕ್ಸ್ ಹಾಳೆಯನ್ನು ನಂಬಬೇಡಿ. ಅಣ್ಣ ಅದನ್ನು ಡೈರಿ ಡೈರಿಗೆ ಹೋಗಿ ಗೋಡೆಗೆ ಅಂಟಿಸಿದರು. ಅಂಟಿಸುವ ಮೊದಲು ಅಲ್ಲಿದ್ದವರ ಕೈಲಿ ಒಂದು ಸಲ ಗಟ್ಟಿಯಾಗಿ ಓದಿಸುತ್ತಿದ್ದರಂತೆ. ಆದರೂ ಗುಬ್ಬಿಯಿಂದ ಹೊರಟ ಜೆರಾಕ್ಸ್‌ಗಳು ಎಲ್ಲವೂ ಸಿಕ್ಕಿಲ್ಲ. ಒಂದು ಸಿರಾ ರಸ್ತೆಯ ವೆಲ್ಡಿಂಗ್ ಅಂಗಡಿಯಲ್ಲಿ, ಲ್ಯಾಮಿನೇಷನ್ ಮಾಡಿಸಿ ನೇತುಹಾಕಿದ್ದು ಸಿಕ್ಕಿತು. ವಾಟ್ಸಾಪಿನಲ್ಲಿ ಹೋದದ್ದು ಎಲ್ಲಿದೆಯೋ, ಯಾರ ಫೋನಿನಲ್ಲಿ ತೆರೆದುಕೊಳ್ಳಲು ಕಾದಿದೆಯೋ ಗೊತ್ತಿಲ್ಲ. ಪೇಟೆಯಲ್ಲಿ ಕೈಗೆ ಬ್ಯಾಂಡೇಜು ಸುತ್ತಿಕೊಂಡವರು ಕಂಡರೆ ನಾನು ಈಗಲೂ ರಸ್ತೆಯ ಆಚೆ ಬದಿಗೆ ಹೋಗುತ್ತೇನೆ.

ಅಣ್ಣ ನಿವೃತ್ತರಾದ ಮೇಲೆ ಯಂತ್ರದ ಪಕ್ಕ ನಿಂತು ಸಾಲುಗಳನ್ನು ಪರೀಕ್ಷಿಸುವವರು ಬೇಕಿತ್ತು. ನನಗೆ ಹುತ್ರಿದುರ್ಗದ ಆ ಹುಡುಗಿಯ ನೆನಪಾಯಿತು. ಹೊಸ ತುಣುಕು ಕಳಿಸುತ್ತೇನೆ, ಗಟ್ಟಿಯಾಗಿ ಓದಿ ಯಾವುದು ಗೊಂದಲ ಎಂದು ಹೇಳಿದರೆ ಸಾಕು, ಕೂಲಿಯೂ ಸಿಗುತ್ತದೆ ಎಂದು ಫೋನ್ ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಹೇಗಿದ್ದಾರೆ ಮಾವ ಎಂದರೆ, ಈಗ ಒಂದೇ ಕೈಯಲ್ಲಿ ಹಾಲು ಕರೆಯುವುದನ್ನು ಕಲಿತಿದ್ದಾರೆ ಎಂದಳು.

"ಮತ್ತೆ ಓದಿಕೊಡ್ತೀಯಾ?" ಎಂದೆ.

"ಬ್ಯಾಡಕ್ಕ. ನಾನು ಯಾರ್ಗೂ ಏನೂ ಓದಿ ಹೇಳಲ್ಲ ಈಗ. ಆಸ್ಪತ್ರೆ ಚೀಟೀನೂ ಅಂಗ್ಡಿಯೋರ್ ಕೈಲೇ ಓದ್ಸೋದು."

"ನಿನ್ನ ತಪ್ಪಿಲ್ಲ ಅಂತ ಮನೇಲಿ ಎಲ್ಲರಿಗೂ ಗೊತ್ತಲ್ಲಮ್ಮ."

"ಗೊತ್ತು," ಎಂದಳು. ಹಿಂದಿನಿಂದ ಅತ್ತೆ ಏನೋ ಕೂಗಿದ್ದು ಕೇಳಿಸಿತು. ಹಾಲಿನ ಕ್ಯಾನ್ ತೊಳೆಯಬೇಕು, ಇಡುತ್ತೇನೆ ಎಂದು ಹೇಳಿ ಅವಳು ಫೋನ್ ಇಟ್ಟಳು.